ಹನಿಯ ಗಾತ್ರ ಏಕೆ ಏರಿಳಿಯುತ್ತದೆ?

ಪ್ರಶ್ನೆ: ಎಣ್ಣೆ ನೀರನ್ನು ಎರಡೂ ಬದಿಯಿಂದ ಒತ್ತಿ ಕಿರುಗಂಡಿಯಲ್ಲಿ ಹನಿಯಾಗಿ ತುಂಡರಿಸುವ ಫ್ಲೋ-ಫೋಕಸಿಂಗ್ ಮಾದರಿಯ ಪಿಡಿಎಂಎಸ್ (ಸಿಲಿಕೋನ್ ರಬ್ಬರ್) ಚಿಪ್‌ನಲ್ಲಿ ಫ್ಲೋರಿನ್‌ಯುಕ್ತ ಎಣ್ಣೆಯೊಳಗೆ 50 ಮೈಕ್ರಾನ್ ವ್ಯಾಸದ ನೀರಿನ ಹನಿ ಮಾಡುತ್ತಿದ್ದೇನೆ. ನೀರು ಗಂಟೆಗೆ 200 ಮೈಕ್ರೋಲೀಟರ್, ಎಣ್ಣೆ 400. ಸಿರಿಂಜ್ ಪಂಪ್‌ನಲ್ಲಿ ಎರಡಕ್ಕೂ 10 ಮಿ.ಲೀ. ಸಿರಿಂಜ್. ಹನಿ 60 ಮೈಕ್ರಾನ್‌ವರೆಗೆ ಹಿಗ್ಗಿ ಮತ್ತೆ ಇಳಿಯುತ್ತದೆ. ಎಣ್ಣೆ ಬದಲಿಸಲೇ?
– ಸಂಶೋಧನಾ ವಿದ್ಯಾರ್ಥಿನಿ, ಬೆಂಗಳೂರು

ಉತ್ತರ: ಎಣ್ಣೆ ಇರಲಿ, ಮೊದಲು ಸಿರಿಂಜ್ ಬದಲಿಸಿ. ಏರಿಳಿತ ಒಂದೇ ಲಯದಲ್ಲಿ ಮರುಕಳಿಸುತ್ತಿದ್ದರೆ ಪಂಪ್‌ನ, ಹೆಜ್ಜೆಹೆಜ್ಜೆಯಾಗಿ ತಿರುಗುವ ಸ್ಟೆಪ್ಪರ್ ಮೋಟಾರನ್ನೇ ಶಂಕಿಸಬೇಕು. 10 ಮಿ.ಲೀ. ಸಿರಿಂಜಿನ ಒಳವ್ಯಾಸ ಸುಮಾರು 14.5 ಮಿ.ಮೀ. ನಿಮ್ಮ ನೀರಿನ ಹರಿವಿಗೆ ಅದರ ಪಿಸ್ಟನ್ ಗಂಟೆಗೆ ಬರೀ 1.2 ಮಿ.ಮೀ. ಸರಿಯುತ್ತದೆ, ಅಷ್ಟು ನಿಧಾನಕ್ಕೆ ಮೋಟಾರಿನ ಒಂದೊಂದು ಹೆಜ್ಜೆಯೂ ಹನಿಯಲ್ಲಿ ಎದ್ದು ಕಾಣುತ್ತದೆ. ಸುಮಾರು 4.7 ಮಿ.ಮೀ. ಒಳವ್ಯಾಸದ 1 ಮಿ.ಲೀ. ಸಿರಿಂಜಿನಲ್ಲಾದರೆ ಅದೇ ಹರಿವಿಗೆ ಪಿಸ್ಟನ್ 11.5 ಮಿ.ಮೀ. ಚಲಿಸಿ, ಹರಿವು ನಯವಾಗುತ್ತದೆ. ಎಣ್ಣೆಗೆ 3 ಮಿ.ಲೀ. ಸಾಕು. ಹೊಸ ಒಳವ್ಯಾಸವನ್ನು ಪಂಪ್‌ನಲ್ಲಿ ನಮೂದಿಸಲೇಬೇಕು, ಇಲ್ಲದಿದ್ದರೆ ತೋರುವ ಹರಿವೇ ಸುಳ್ಳು.

ಸಿರಿಂಜಿನಲ್ಲಿ ಉಳಿದ ಗಾಳಿಗುಳ್ಳೆ, ಮೆತ್ತನೆಯ ಸಿಲಿಕೋನ್ ನಳಿಕೆ ಎರಡೂ ಒತ್ತಡವನ್ನು ಹಿಡಿದಿಟ್ಟು ತಡವಾಗಿ ಬಿಡುತ್ತವೆ. ಗುಳ್ಳೆ ಹೊರಹಾಕಿ, ಗಟ್ಟಿಯಾದ ಪಿಟಿಎಫ್‌ಇ (ಟೆಫ್ಲಾನ್) ನಳಿಕೆಯನ್ನು ಗಿಡ್ಡವಾಗಿ ಕತ್ತರಿಸಿ ಬಳಸಿ. ಹರಿವು ಬದಲಿಸಿದ ಮೇಲೆ ಕೆಲವು ನಿಮಿಷ ಕಾಯದೆ ಅಳೆಯಬೇಡಿ.

ಏರಿಳಿತಕ್ಕೆ ಲಯವೇ ಇಲ್ಲದಿದ್ದರೆ ಸೂಕ್ಷ್ಮದರ್ಶಕದಲ್ಲಿ ಕಿರುಗಂಡಿಯ ಗೋಡೆ ನೋಡಿ. ಪ್ಲಾಸ್ಮಾದಲ್ಲಿ (ವಿದ್ಯುದಾವೇಶದ ಅನಿಲದಲ್ಲಿ) ಸಂಸ್ಕರಿಸಿ ಅಂಟಿಸಿದ ಹೊಸ ಪಿಡಿಎಂಎಸ್ ಕೆಲಕಾಲ ನೀರನ್ನು ಒಲಿಸಿಕೊಳ್ಳುತ್ತದೆ. ನೀರು ಗೋಡೆಗೆ ಅಂಟಿ ಎಳೆಯಾದರೆ ಹನಿ ಸಮನಾಗಿ ತುಂಡಾಗದು. ನೀರನ್ನು ಹತ್ತಿರ ಸೇರಿಸದ ಫ್ಲೋರೋಸಿಲೇನ್ ಲೇಪನ ಇದಕ್ಕೆ ಪರಿಹಾರ. ಹೊರಗೆ ಬಂದ ಮೇಲೆ ಹನಿಗಳು ಒಂದಕ್ಕೊಂದು ಕೂಡಿಕೊಳ್ಳುತ್ತಿದ್ದರೆ ಮಾತ್ರ ಎಣ್ಣೆಯ ಸರ್ಫ್ಯಾಕ್ಟಂಟ್ (ಹನಿಗಳು ಕೂಡದಂತೆ ಬೆರೆಸುವ ವಸ್ತು) ಪರೀಕ್ಷಿಸಿ, ಶೇ. 2ರಷ್ಟು ಸಾಮಾನ್ಯ ಪ್ರಮಾಣ.

ಇದನ್ನು ಹಗುರವಾಗಿ ಬಿಡುವಂತಿಲ್ಲ. 50 ಮೈಕ್ರಾನ್ ಹನಿಯಲ್ಲಿ 65 ಪಿಕೋಲೀಟರ್ ನೀರಿದ್ದರೆ, 60ರದರಲ್ಲಿ 113. ಡಿಎನ್‌ಎಯನ್ನು ಹನಿಗಳಿಗೆ ಹಂಚಿ ಎಣಿಸುವ ಡಿಜಿಟಲ್ ಪಿಸಿಆರ್‌ಗೆ ಬಳಸಿದರೆ ಲೆಕ್ಕವೇ ತಪ್ಪುತ್ತದೆ.

ಪ್ರಶ್ನೆ: ಅದೇ ಚಿಪ್‌ನಲ್ಲಿ 30 ಮೈಕ್ರಾನ್ ಹನಿ ಬರುವುದೇ?

ಉತ್ತರ: ಕಿರುಗಂಡಿಯ ಅಗಲದ ಮೇಲಿದೆ. ನೀರನ್ನು ಹಾಗೇ ಇಟ್ಟು ಎಣ್ಣೆಯನ್ನು ಹಂತಹಂತವಾಗಿ ಏರಿಸಿ, ಹನಿ ಕುಗ್ಗುತ್ತದೆ. ನೀರಿನ ಎಳೆ ಕಂಡಿ ದಾಟಿ ಉದ್ದಕ್ಕೆ ಚಾಚಿತೆಂದರೆ ಮಿತಿ ಮೀರಿದಂತೆ. ಅಲ್ಲಿಂದ ಮುಂದೆ ತುಂಡುಗಳು ಏರುಪೇರಾಗುತ್ತವೆ. ಆಗ ಎರಡೂ ಹರಿವನ್ನು ತಗ್ಗಿಸಿ ನೋಡಿ. ಆದರೂ ಸಾಲದಿದ್ದರೆ ಇನ್ನೂ ಕಿರಿದಾದ ಕಂಡಿಯ ಚಿಪ್ ಮಾಡಿಸಿಕೊಳ್ಳುವುದೇ ಸರಿ. ಅಳೆಯುವಾಗ ಒಂದು ಎಚ್ಚರ: ಹನಿಗಿಂತ ತಗ್ಗಾದ ಚಾನೆಲ್‌ನಲ್ಲಿ ಹನಿ ಚಪ್ಪಟೆಯಾಗಿ, ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಆಳವಾದ ಕೋಶಕ್ಕೆ ಇಳಿಸಿ ಅಳೆಯಿರಿ.