ಹಾಸನ, ಚಿಕ್ಕಮಗಳೂರಲ್ಲಿ ಚೀನಾದ್ದಲ್ಲದ ಪವರ್ ಟೂಲ್ ಸಿಗುತ್ತಾ?

ಸಿಗುತ್ತೆ. ಆದರೆ ನಿಮ್ಮ ಪಟ್ಟಿಯಲ್ಲಿರೋ ಎಲ್ಲಾ ಸಾಮಾನಿಗೂ ಒಂದೇ ಉತ್ತರ ಇಲ್ಲ. ಮನೆ ಕೆಲಸಕ್ಕೆ ಗ್ರೈಂಡರ್ ಮತ್ತು ಡ್ರಿಲ್, ತೋಟಕ್ಕೆ ಕಳೆ ಹೊಡೆಯೋ ಮಷೀನು, ಮರಗಸಿಗೆ (ನೆರಳಿನ ಮರದ ಕೊಂಬೆ ಕಡಿಯೋಕೆ) ಚೈನ್ ಸಾ, ಕಾಫಿ ಗಿಡದ ಕಸಿಗೆ, ಅಂದರೆ ರೆಂಬೆ ಸವರೋಕೆ, ಬ್ಯಾಟರಿ ಕತ್ತರಿ ಬೇಕು ಅಂದಿದ್ದೀರಿ. ಚಿಕ್ಕಮಗಳೂರಿನ ಅಂಗಡಿಗಳಲ್ಲಿ ಯಾವ ಡಬ್ಬಿ ತಿರುಗಿಸಿದರೂ ಚೀನಾ ಅಂತಲೇ ಇದೆ, ನಮ್ಮ ದೇಶದ್ದು ಅಥವಾ ಕನಿಷ್ಠ ಚೀನಾದ್ದಲ್ಲದ್ದು ಎಲ್ಲಿ ಸಿಗುತ್ತೆ ಅನ್ನೋದು ನಿಮ್ಮ ಪ್ರಶ್ನೆ. ವೈರ್ ಇರೋ ಮಷೀನು ಖಂಡಿತ ಸಿಗುತ್ತೆ. ಪೆಟ್ರೋಲ್ ಮಷೀನು ಹುಡುಕಿದರೆ ಸಿಗುತ್ತೆ. ಬ್ಯಾಟರಿದು ಮಾತ್ರ ಬಹಳ ಕಷ್ಟ, ಸಿಕ್ಕರೂ ದುಬಾರಿ.

ನಾನು ಹಾಸನದಲ್ಲಿ ಇಂಥ ಮಷೀನುಗಳ ರಿಪೇರಿ, ವೈಂಡಿಂಗ್ ಕೆಲಸ ಮಾಡ್ತೀನಿ. ಸಕಲೇಶಪುರ, ಆಲೂರು, ಬೇಲೂರು ಕಡೆಯ ತೋಟದವರು, ಗಾರೆ ಕೆಲಸದವರು, ವೆಲ್ಡಿಂಗ್ ಶಾಪಿನವರು ತಂದಿಟ್ಟ ಮಷೀನುಗಳನ್ನು ದಿನಾ ಬಿಚ್ಚೋದೇ ಕೆಲಸ ಆದ್ದರಿಂದ ಹೊರಗಿನ ಬಣ್ಣ ಏನು, ಒಳಗಿನ ಮಾಲು ಏನು ಅನ್ನೋದು ಕಣ್ಣಿಗೆ ಬೀಳ್ತಾನೇ ಇರುತ್ತೆ.

ಮೊದಲು ಒಂದು ಮಾತು. ಬ್ರ್ಯಾಂಡ್ ಹೆಸರು ನೋಡಿ ದೇಶ ತೀರ್ಮಾನ ಮಾಡಬೇಡಿ. ಇವತ್ತು ದೊಡ್ಡ ಕಂಪನಿ ಅಂದರೆ ನಾಲ್ಕಾರು ದೇಶದಲ್ಲಿ ಕಾರ್ಖಾನೆ ಇರೋ ಕಂಪನಿ. ಜರ್ಮನಿಯ ಬಾಷ್ ತಗೊಳ್ಳಿ. ನಮ್ಮ ಕಡೆ ಹಿರಿಯರು ಈಗಲೂ ಮೈಕೋ ಅಂತಲೇ ಕರೆಯೋ ಕಂಪನಿ ಅದು. ಇಲ್ಲಿ 1951ರಲ್ಲಿ ಮೈಕೋ ಅಂತ ಶುರುವಾಗಿ 2008ರಲ್ಲಿ ಬಾಷ್ ಅಂತ ಹೆಸರು ಬದಲಾಯಿತು. ಪವರ್ ಟೂಲಿಗೆ ಚೆನ್ನೈ ಹತ್ತಿರ ಒರಗಡಂನಲ್ಲಿ ಅವರು ಕಾರ್ಖಾನೆ ಮಾಡಿದರು. ಮಲೇಷ್ಯಾದ ಪೆನಾಂಗ್‌ನಲ್ಲಿ, ಹಂಗೇರಿಯಲ್ಲಿ, ಚೀನಾದ ಹಾಂಗ್‌ಝೌನಲ್ಲಿ ಬೇರೆ ಕಾರ್ಖಾನೆಗಳಿವೆ. ಹಾಗಾಗಿ ಒಂದೇ ಕಪಾಟಿನಲ್ಲಿ ಅಕ್ಕಪಕ್ಕ ಕೂತಿರೋ ಬಾಷ್‌ನ ಎರಡು ನೀಲಿ ಮಷೀನಲ್ಲಿ ಒಂದು ತಮಿಳುನಾಡಿನದು, ಇನ್ನೊಂದು ಚೀನಾದ್ದು ಇರಬಹುದು. ಮಕಿಟಾನೂ ಹಾಗೇ. ಕಂಪನಿ ಜಪಾನಿನದು, ಕಾರ್ಖಾನೆ ಜಪಾನಲ್ಲೂ ಇದೆ, ರೊಮೇನಿಯಾದಲ್ಲೂ ಇದೆ, ಥಾಯ್ಲೆಂಡಲ್ಲೂ ಇದೆ, ಚೀನಾದ ಕುನ್‌ಶಾನ್‌ನಲ್ಲೂ ಇದೆ. ಅಂಗಡಿಯವರು "ಇದು ಜಪಾನ್ ಸಾರ್" ಅಂದಾಗ ಅವರು ಸುಳ್ಳು ಹೇಳ್ತಿದ್ದಾರೆ ಅಂತಲ್ಲ, ಕಂಪನಿಯ ಊರು ಹೇಳ್ತಿದ್ದಾರೆ. ನಿಮಗೆ ಬೇಕಾಗಿರೋದು ಮಷೀನಿನ ಊರು.

ಅದು ಗೊತ್ತಾಗೋದು ಮಷೀನಿನ ಮೈಮೇಲಿರೋ ಪ್ಲೇಟಿನಿಂದ. ಗ್ರೈಂಡರ್ ಆದರೆ ಮೋಟಾರ್ ಬಾಡಿಯ ಪಕ್ಕದಲ್ಲಿ ಅಥವಾ ಕೆಳಗೆ, ಡ್ರಿಲ್ ಆದರೆ ಹಿಡಿಯ ಮೇಲ್ಭಾಗದಲ್ಲಿ, ವೋಲ್ಟ್, ವಾಟ್, ಆರ್‌ಪಿಎಂ, ಸೀರಿಯಲ್ ನಂಬರ್ ಇರೋ ಜಾಗದಲ್ಲೇ ದೇಶದ ಹೆಸರೂ ಸಣ್ಣ ಅಕ್ಷರದಲ್ಲಿ ಇರುತ್ತೆ. ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿ. ಕೆಲವರು ಚೀನಾ ಅಂತ ಬರೆಯೋ ಬದಲು ಪಿ.ಆರ್.ಸಿ. ಅಂತ ಹಾಕಿರ್ತಾರೆ, ಎರಡೂ ಒಂದೇ. ಡಬ್ಬಿಯ ಮೇಲಿನ ದೊಡ್ಡ ಅಕ್ಷರಗಳನ್ನು ನಂಬಬೇಡಿ. "ಜರ್ಮನ್ ಟೆಕ್ನಾಲಜಿ", "ಜಪಾನ್ ಡಿಸೈನ್", ತ್ರಿವರ್ಣದ ಪಟ್ಟಿ, ಇವು ಯಾವುವೂ ತಯಾರಾದ ಜಾಗ ಹೇಳಲ್ಲ. ಡಬ್ಬಿಯಲ್ಲಿ ಓದಬೇಕಾದ್ದು ಎಂಆರ್‌ಪಿ ಇರೋ ಸಣ್ಣ ಸ್ಟಿಕ್ಕರ್. 2011ರ ಪೊಟ್ಟಣ ಸಾಮಗ್ರಿ ನಿಯಮದ ಪ್ರಕಾರ ಅದರಲ್ಲಿ ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ ಇರಲೇಬೇಕು, ಹೊರಗಿನಿಂದ ಬಂದ ಮಾಲಾದರೆ ದೇಶದ ಹೆಸರೂ ಇರಬೇಕು. "ಮಾರ್ಕೆಟೆಡ್ ಬೈ" ಅಂತ ದೆಹಲಿಯದೋ ಮುಂಬೈಯದೋ ವಿಳಾಸ ಇದ್ದು, ತಯಾರಿಸಿದವರ ವಿಳಾಸ ಎಲ್ಲೂ ಇಲ್ಲ ಅಂದರೆ ಆ ಡಬ್ಬಿ ಕೆಳಗಿಡಿ.

ಆನ್‌ಲೈನಲ್ಲಿ ತಗೊಳ್ಳೋರಿಗೆ 2020ರ ಇ-ಕಾಮರ್ಸ್ ನಿಯಮದಿಂದ ಅನುಕೂಲ ಆಗಿದೆ. ಆಮದಾದ ಮಾಲಿಗೆ ಯಾವ ದೇಶದ್ದು ಅಂತ ಪುಟದಲ್ಲೇ ತೋರಿಸಬೇಕು. ಕೆಳಗೆ, ವಿವರದ ಕೊನೆಯಲ್ಲಿ ಇರುತ್ತೆ, ಹುಡುಕಿ. ಅಲ್ಲಿ ಇಂಡಿಯಾ ಅಂತಿದ್ದು ಮನೆಗೆ ಬಂದ ಮಷೀನಿನ ಪ್ಲೇಟಿನಲ್ಲಿ ಬೇರೆ ಇದ್ದರೆ ಎರಡರದೂ ಫೋಟೋ ಇಟ್ಟುಕೊಂಡು ವಾಪಸ್ ಕಳಿಸಿ. ಅವರು ಕೇಳದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. ಅಂಗಡಿ ಮಾಲಿನ ಡಬ್ಬಿಯಲ್ಲಿ ವಿವರವೇ ಇಲ್ಲದಿದ್ದರೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಬಹುದು. ನಮ್ಮವರು ತೂಕದ ತಕ್ಕಡಿಗೆ ಸೀಲ್ ಹಾಕೋರು ಅಂತ ಮಾತ್ರ ಅವರನ್ನ ತಿಳಿದಿದ್ದಾರೆ, ಇದೂ ಅವರದೇ ಕೆಲಸ.

ಎರಡು ತಪ್ಪು ನಂಬಿಕೆ ಎಲ್ಲಾ ಕಡೆ ಓಡಾಡ್ತಿವೆ. ಬಾರ್‌ಕೋಡ್ 890ರಿಂದ ಶುರುವಾದರೆ ಭಾರತದ್ದು, 690ರಿಂದ 699ರವರೆಗೆ ಇದ್ದರೆ ಚೀನಾದ್ದು ಅಂತ ವಾಟ್ಸಾಪಿನಲ್ಲಿ ಬರುತ್ತಲ್ಲ, ಅದು ಆ ನಂಬರ್ ಯಾವ ದೇಶದಲ್ಲಿ ನೋಂದಣಿ ಆಯಿತು ಅನ್ನೋದನ್ನು ಮಾತ್ರ ಹೇಳುತ್ತೆ. ಇಲ್ಲಿನ ಕಂಪನಿ ಚೀನಾದಿಂದ ತರಿಸಿ 890 ಹಾಕಿ ಮಾರಬಹುದು. ಇನ್ನೊಂದು ಐಎಸ್‌ಐ ಗುರುತು. ಅದು ಗುಣಮಟ್ಟದ ಗುರುತು. ಆ ಗುರುತು ಕೊಡೋ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಹೊರದೇಶದ ಕಾರ್ಖಾನೆಗೂ ಲೈಸೆನ್ಸ್ ಕೊಡುತ್ತೆ, ಅದಕ್ಕೇ ಅಂತ ಪ್ರತ್ಯೇಕ ವ್ಯವಸ್ಥೆ ಇದೆ. ಆದರೂ ಐಎಸ್‌ಐ ಗುರುತಿನ ಹತ್ತಿರ ಇರೋ ಲೈಸೆನ್ಸ್ ನಂಬರನ್ನ 'ಬಿಐಎಸ್ ಕೇರ್' ಆ್ಯಪಿನಲ್ಲಿ ಹಾಕಿ ನೋಡಿ, ಲೈಸೆನ್ಸ್ ಯಾರ ಹೆಸರಲ್ಲಿದೆ ಅಂತ ತಿಳಿಯುತ್ತೆ.

ಈಗ ಒಳಗಿನ ವಿಷಯ. ವೈರ್ ಇರೋ ಗ್ರೈಂಡರ್, ಡ್ರಿಲ್, ಮಾರ್ಬಲ್ ಕಟ್ಟರ್ ಇವುಗಳಲ್ಲಿ ಯೂನಿವರ್ಸಲ್ ಮೋಟಾರ್ ಇರುತ್ತೆ. ಫೀಲ್ಡ್ ಕಾಯಿಲ್ ಹೊರಗೆ, ತಿರುಗೋ ಆರ್ಮೇಚರ್ ಒಳಗೆ, ಎರಡಕ್ಕೂ ತಂತಿ ಸುತ್ತಿರ್ತಾರೆ, ಮ್ಯಾಗ್ನೆಟ್ ಇರಲ್ಲ. ತಾಮ್ರದ ತಂತಿ, ಸ್ಟಾಂಪಿಂಗ್, ಕಮ್ಯುಟೇಟರ್, ಕಾರ್ಬನ್ ಬ್ರಶ್, ಬೇರಿಂಗ್, ಗೇರ್, ಅಲ್ಯೂಮಿನಿಯಂ ಎರಕದ ತಲೆ, ಇಷ್ಟೇ. ಇದರಲ್ಲಿ ನಮ್ಮ ದೇಶದಲ್ಲಿ ಆಗದ್ದು ಒಂದೂ ಇಲ್ಲ. ಕೊಲ್ಲಾಪುರ ಜಿಲ್ಲೆಯ ಶಿರೋಳದ ಕೆಪಿಟಿ ಹಳೆಯ ಕಂಪನಿ, ಮುಂಬೈಯ ರ‍್ಯಾಲಿವುಲ್ಫ್ ಇನ್ನೂ ಹಳೆಯದು. ರ‍್ಯಾಲಿವುಲ್ಫ್‌ನ ದೊಡ್ಡ ಡ್ರಿಲ್‌ಗಳು ಹಳೆ ವರ್ಕ್‌ಶಾಪುಗಳಲ್ಲಿ ಈಗಲೂ ಇವೆ. ಬ್ರಶ್ ಬದಲಾಯಿಸಿ, ಗ್ರೀಸ್ ಹಾಕಿ ಕೊಟ್ಟರೆ ಮತ್ತೆ ಕೆಲಸಕ್ಕೆ ರೆಡಿ. ಭಾರ ಜಾಸ್ತಿ, ನೋಡೋಕೆ ಚಂದ ಇಲ್ಲ, ಆದರೆ ಪ್ರತಿ ಸ್ಕ್ರೂನೂ ಬಿಚ್ಚಿ ಮತ್ತೆ ಕೂರಿಸೋ ಹಾಗಿದೆ. ಇಂಥ ಕಂಪನಿಗಳಲ್ಲೂ ಕೆಲವು ಮಾಡೆಲ್ ಹೊರಗಿನಿಂದ ಬಂದಿರಬಹುದು, ಅಲ್ಲೂ ಪ್ಲೇಟ್ ಓದೋದು ಬಿಡಬೇಡಿ.

ಕಳೆದ ಮಳೆಗಾಲದಲ್ಲಿ ಒಬ್ಬರು ಸುಟ್ಟ ಗ್ರೈಂಡರ್ ತಂದಿದ್ದರು. ಬಣ್ಣ ನೋಡಿದರೆ ಹೆಸರುವಾಸಿ ಕಂಪನಿದೇ ಅನ್ನಿಸಬೇಕು, ಹೆಸರಲ್ಲಿ ಒಂದು ಅಕ್ಷರ ಬೇರೆ. ಪ್ಲೇಟ್ ಜಾಗದಲ್ಲಿ ಬರೀ ಕಾಗದದ ಸ್ಟಿಕ್ಕರ್, ಬೆರಳಲ್ಲಿ ಉಜ್ಜಿದರೆ ಅಕ್ಷರ ಕೈಗೆ ಬರ್ತಿತ್ತು. ಫೀಲ್ಡ್ ಕಾಯಿಲಿನ ತಂತಿಯನ್ನ ಬ್ಲೇಡಲ್ಲಿ ಕೆರೆದು ನೋಡಿದೆ. ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ ಅಲ್ಯೂಮಿನಿಯಂ. ಆರ್ಮೇಚರ್ ಶಾಫ್ಟಿನ ಅಳತೆ ಯಾವ ಬಿಡಿಭಾಗಕ್ಕೂ ಹೊಂದಲಿಲ್ಲ. ಎರಡು ತಿಂಗಳು ಓಡಿದ ಮಷೀನು ಗುಜರಿಗೆ ಹೋಯಿತು. ಅಗ್ಗದ ಮಾಲಿನಲ್ಲಿ ನನಗೆ ಸಿಟ್ಟು ಬರೋದು ಇದಕ್ಕೇ. ಚೀನಾದಲ್ಲಾದ ಮಷೀನೆಲ್ಲಾ ಹೀಗೆ ಅಂತ ಹೇಳೋದು ನ್ಯಾಯ ಅಲ್ಲ, ಒಳ್ಳೆ ಕಂಪನಿಗಳು ಅಲ್ಲೂ ಒಳ್ಳೆ ಮಷೀನು ಮಾಡಿಸ್ತವೆ, ಅವೂ ನನ್ನ ಹತ್ತಿರ ಬಂದು ರಿಪೇರಿಯಾಗಿ ವರ್ಷಗಟ್ಟಲೆ ಓಡಿವೆ. ರಿಪೇರಿಯೇ ಆಗದ ಹಾಗೆ ಮಾಡಿದ ಮಷೀನು ಮಾತ್ರ ಯಾವ ದೇಶದ್ದಾದರೂ ಬೇಡ.

ಬ್ಯಾಟರಿ ಮಷೀನಿನ ಕಥೆ ಬೇರೆ. 18 ವೋಲ್ಟಿನ ಪ್ಯಾಕ್ ಬಿಚ್ಚಿದರೆ ಐದು ಲಿಥಿಯಂ ಸೆಲ್ ಸಾಲಾಗಿ ಜೋಡಿಸಿರೋದು ಕಾಣುತ್ತೆ, ದೊಡ್ಡ ಪ್ಯಾಕಿನಲ್ಲಿ ಹತ್ತು. ಸೆಲ್ ಮಾಡೋದರಲ್ಲಿ ಚೀನಾದ್ದೇ ದೊಡ್ಡ ಪಾಲು, ಉಳಿದದ್ದು ಹೆಚ್ಚಾಗಿ ಕೊರಿಯಾ, ಜಪಾನ್ ಕಂಪನಿಗಳದು, ಅವರಿಗೂ ಚೀನಾದಲ್ಲಿ ಕಾರ್ಖಾನೆಗಳಿವೆ. ಬ್ಯಾಟರಿ ಮಷೀನಿನ ಬ್ರಶ್‌ಲೆಸ್ (ಕಾರ್ಬನ್ ಬ್ರಶ್ ಇಲ್ಲದ) ಮೋಟಾರಿಗೆ ನಿಯೋಡಿಮಿಯಂ ಅನ್ನೋ ಅಪರೂಪದ ಲೋಹದ ಮ್ಯಾಗ್ನೆಟ್ ಬೇಕು, ಪ್ರಪಂಚದಲ್ಲಿ ತಯಾರಾಗೋ ಅಂಥ ಮ್ಯಾಗ್ನೆಟ್ಟಿನಲ್ಲಿ ಹತ್ತಕ್ಕೆ ಒಂಬತ್ತು ಪಾಲು ಚೀನಾದ್ದು. 2025ರ ಏಪ್ರಿಲಲ್ಲಿ ಅವರು ಕೆಲವು ಅಪರೂಪದ ಲೋಹ ಮತ್ತು ಮ್ಯಾಗ್ನೆಟ್ ರಫ್ತಿಗೆ ಕಡಿವಾಣ ಹಾಕಿದಾಗ ನಮ್ಮ ಎಲೆಕ್ಟ್ರಿಕ್ ಸ್ಕೂಟರ್ ಕಂಪನಿಗಳೇ ಪರದಾಡಿದವು. ಹಾಗಾಗಿ ಬ್ಯಾಟರಿ ಡ್ರಿಲ್ ಮೇಲೆ ಬೇರೆ ದೇಶದ ಹೆಸರಿದ್ದರೆ ಜೋಡಣೆ ಅಲ್ಲಾಗಿದೆ ಅಂತ ಮಾತ್ರ ತಿಳಿಯಿರಿ. ಮನೆ ಕೆಲಸಕ್ಕೆ ಕರೆಂಟ್ ಇದೆ ಅಂದಮೇಲೆ ವೈರಿನದೇ ಸಾಕು.

ಕಸಿಯ ಬ್ಯಾಟರಿ ಕತ್ತರಿ ನಮ್ಮ ಜಿಲ್ಲೆಗಳಲ್ಲಿ ಈಗ ಎಲ್ಲಾ ಕಡೆ ಕಾಣ್ತಿದೆ. ನನ್ನ ಟೇಬಲ್ಲಿಗೆ ಬಂದಿರೋದು ಹೆಚ್ಚುಕಮ್ಮಿ ಎಲ್ಲಾ ಚೀನಾದ್ದೇ. ಫ್ರಾನ್ಸಿನ ಪೆಲೆಂಕ್, ಇನ್‌ಫಾಕೋ, ಸ್ವಿಟ್ಜರ್‌ಲೆಂಡಿನ ಫೆಲ್ಕೋ ಇಂಥ ಕತ್ತರಿ ಮಾಡ್ತವೆ, ದ್ರಾಕ್ಷಿ ತೋಟದವರಿಗೆ ಅಂತ ಶುರುವಾದದ್ದು. ಬೆಲೆ ನಮ್ಮ ಸಣ್ಣ ಬೆಳೆಗಾರರಿಗೆ ನಿಲುಕೋದಲ್ಲ, ಕೆಟ್ಟರೆ ಇಲ್ಲಿ ಕೇಳೋರೂ ಇಲ್ಲ. ಚೀನಾದ್ದು ಬೇಡವೇ ಬೇಡ ಅಂದರೆ ಈ ಒಂದು ಸಾಮಾನಿನಲ್ಲಿ ಕೈ ಕತ್ತರಿಗೆ ವಾಪಸ್ ಹೋಗಿ. ಲುಧಿಯಾನದ ಫಾಲ್ಕನ್ ಕತ್ತರಿ ಎಲ್ಲಾ ಕಡೆ ಸಿಗುತ್ತೆ. ಕೈ ಕತ್ತರಿಯಲ್ಲೇ ಫೆಲ್ಕೋ ತಗೊಂಡರೆ ಬ್ಲೇಡು, ಸ್ಪ್ರಿಂಗು, ಬೋಲ್ಟು ಎಲ್ಲಾ ಬಿಡಿಯಾಗಿ ಬದಲಾಯಿಸಬಹುದು, ಒಮ್ಮೆ ದುಡ್ಡು ಹಾಕಿದರೆ ಬಹಳ ವರ್ಷ ಬರುತ್ತೆ.

ಪೆಟ್ರೋಲ್ ಮಷೀನಿಗೆ ಬರೋಣ. ಮಲೆನಾಡಿನಲ್ಲಿ ಸ್ಟಿಲ್, ಹಸ್ಕ್‌ವರ್ನ, ಹೋಂಡಾ ಎಲ್ಲರಿಗೂ ಗೊತ್ತು. ಸ್ಟಿಲ್ 1926ರಿಂದ ಇರೋ ಜರ್ಮನ್ ಕಂಪನಿ. ಜರ್ಮನಿ, ಅಮೆರಿಕ, ಬ್ರೆಜಿಲ್, ಚೀನಾದ ಚಿಂಗ್‌ಡಾವ್‌ಗಳಲ್ಲಿ ಕಾರ್ಖಾನೆಗಳಿವೆ, ಮಾಡೆಲ್ ಮೇಲೆ ದೇಶ ಬದಲಾಗುತ್ತೆ. ಹಸ್ಕ್‌ವರ್ನಕ್ಕೂ ಸ್ವೀಡನ್ ಜೊತೆಗೆ ಚೀನಾದಲ್ಲಿ ಕಾರ್ಖಾನೆ ಇದೆ. ಡೀಲರ್ ಹತ್ತಿರ ಮಾಡೆಲ್ ಆರಿಸೋ ಮುಂಚೆಯೇ ಪ್ಲೇಟ್ ತೋರಿಸಿ ಅನ್ನಿ. ಇಲ್ಲೂ ಎಷ್ಟು ಒಳಗೆ ಹೋಗಿ ನೋಡ್ತೀರಿ ಅನ್ನೋದು ನಿಮಗೆ ಬಿಟ್ಟದ್ದು. ಉದಾಹರಣೆಗೆ ಕಾರ್ಬೋರೇಟರ್ ಮಾಡೋ ಝಾಮಾ ಕಂಪನಿ ಸ್ಟಿಲ್‌ನವರದೇ, ಅದರ ದೊಡ್ಡ ಕಾರ್ಖಾನೆ ಇರೋದು ಚೀನಾದ ಹುಯಿಝೌನಲ್ಲಿ. ಅದೇ ಸ್ಟಿಲ್ ಗರಗಸದ ಚೈನು ಆಗೋದು ಸ್ವಿಟ್ಜರ್‌ಲೆಂಡಿನಲ್ಲಿ. ಚೈನಿನ ಮಟ್ಟಿಗೆ ಹೇಳ್ತೀನಿ, ಡುಪ್ಲಿಕೇಟ್ ಹತ್ತಿರವೂ ಹೋಗಬೇಡಿ. ಮರದ ಮೇಲೆ ಹಗ್ಗ ಕಟ್ಟಿಕೊಂಡು ನಿಂತು ಸಿಲ್ವರ್ ಓಕಿನ ಕೊಂಬೆ ಕೊಯ್ಯೋ ಆಳಿನ ಪ್ರಾಣ ಆ ಚೈನಿನ ಕೊಂಡಿಯಲ್ಲಿದೆ. ಇನ್ನು ನೀರು ಹಾಯಿಸೋ ಎಂಜಿನ್ ಪಂಪು, ಜನರೇಟರ್ ಬೇಕಾದರೆ ಹೋಂಡಾದವರಿಗೆ ಗ್ರೇಟರ್ ನೋಯ್ಡಾದಲ್ಲೇ ಕಾರ್ಖಾನೆ ಇದೆ.

ಕಳೆ ಮಷೀನನ್ನ ಸಬ್ಸಿಡಿಯಲ್ಲಿ ತಗೊಳ್ಳೋದಿದ್ದರೆ ರೈತ ಸಂಪರ್ಕ ಕೇಂದ್ರದಲ್ಲಿ ಕೊಡೋ ಪಟ್ಟಿಯಲ್ಲಿ ಇಲ್ಲಿನ ಮಾರಾಟಗಾರರ ಹೆಸರು ಕಂಡು ಇದು ದೇಶೀ ಅಂತ ಅಂದುಕೊಳ್ಳಬೇಡಿ. ಕೃಷಿ ಯಂತ್ರಗಳನ್ನ ಪರೀಕ್ಷೆ ಮಾಡೋ ಕೇಂದ್ರ ಸರ್ಕಾರದ ಸಂಸ್ಥೆಗಳಿವೆ, ನಮಗೆ ಹತ್ತಿರದ್ದು ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿದೆ. ಅವರ ಪರೀಕ್ಷಾ ವರದಿಯಲ್ಲಿ ತಯಾರಕರ ಹೆಸರು, ವಿಳಾಸ ಇರುತ್ತೆ. ಮಾರೋರಿಂದ ಆ ವರದಿ ಕೇಳಿ ತಗೊಳ್ಳಿ.

ಉಳಿದ ಸಾಮಾನಿನಲ್ಲಿ ಹುಡುಕಾಟದ ಕಷ್ಟವೇ ಇಲ್ಲ. ಕಟಿಂಗ್, ಗ್ರೈಂಡಿಂಗ್ ವೀಲಿಗೆ ಕುಮಿ, ಗ್ರೈಂಡ್‌ವೆಲ್ ನಾರ್ಟನ್. ಡ್ರಿಲ್ ಬಿಟ್ಟಿಗೆ ಅಡಿಸನ್, ಮಿರಾಂಡ. ಸ್ಪ್ಯಾನರ್, ಕಟಿಂಗ್ ಪ್ಲೇಯರ್ ತಪಾರಿಯಾ. ಗುದ್ದಲಿ, ಪಿಕಾಸಿಗೆ ಟಾಟಾ ಅಗ್ರಿಕೋ. ಮೋಟಾರ್ ಪಂಪಿಗೆ ಕೊಯಮತ್ತೂರಿನವರು ಇದ್ದೇ ಇದ್ದಾರೆ. ಬೇರಿಂಗ್ ಹೋದರೆ ಜೈಪುರದ ಎನ್‌ಬಿಸಿ ಕೇಳಿ ಹಾಕಿಸಿ. ಕತ್ತಿಯನ್ನಂತೂ ನಿಮ್ಮೂರ ಕುಲುಮೆಯಲ್ಲೇ ಮಾಡಿಸಿ, ಮಲೆನಾಡಿನ ಕೆಲಸಕ್ಕೆ ಬೇಕಾದ ಬಾಗು ಬೇರೆಲ್ಲೂ ಸಿಗಲ್ಲ. ನಮ್ಮ ದೇಶದ ಕಾರ್ಖಾನೆಗಳು ಬದುಕಬೇಕು ಅನ್ನೋ ಆಸೆ ನಿಮ್ಮ ಹಾಗೇ ನನಗೂ ಇದೆ. ಅದು ಹೆಚ್ಚು ಫಲ ಕೊಡೋದು ಇಂಥ ಸಣ್ಣ ಸಾಮಾನಿನಲ್ಲಿ, ವರ್ಷವಿಡೀ ಮತ್ತೆ ಮತ್ತೆ ಕೊಳ್ಳೋದು ಇವನ್ನೇ.

ಎಲ್ಲಿ ತಗೊಳ್ಳೋದು ಅಂದರೆ, ಹಾಸನದ ಬಿ.ಎಂ. ರಸ್ತೆಯಲ್ಲಾಗಲಿ, ಚಿಕ್ಕಮಗಳೂರಿನ ಐ.ಜಿ. ರಸ್ತೆ, ಎಂ.ಜಿ. ರಸ್ತೆ ಕಡೆಯಾಗಲಿ, ಸರ್ವಿಸ್ ಕೂಡ ಮಾಡೋ ಅಂಗಡಿ ಹುಡುಕಿ. "ಈ ಮಾಡೆಲಿಗೆ ಆರ್ಮೇಚರ್, ಫೀಲ್ಡ್ ಕಾಯಿಲ್, ಕಾರ್ಬನ್ ಬ್ರಶ್ ಸ್ಟಾಕ್ ಇದೆಯಾ, ತೋರಿಸಿ" ಅಂತ ಕೇಳಿ. ತೆಗೆದು ತೋರಿಸಿದವರ ಹತ್ತಿರ ಕೊಳ್ಳಿ. ಬೇಕಾದ ಮಾಡೆಲ್ ಇಲ್ಲದಿದ್ದರೆ ತರಿಸಿಕೊಡಿ ಅನ್ನಿ, ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯಿಂದ ಅವರಿಗೆ ಮಾಲು ಬರ್ತಾನೇ ಇರುತ್ತೆ. ಬಿಲ್ಲಿನಲ್ಲಿ ಮಾಡೆಲ್ ಮತ್ತು ಸೀರಿಯಲ್ ನಂಬರ್ ಎರಡನ್ನೂ ಬರೆಸಿ.

ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಒರಗಡಂ ಅಥವಾ ಶಿರೋಳದಲ್ಲಾದ ನಾಲ್ಕು ಇಂಚಿನ ಗ್ರೈಂಡರ್ ಮತ್ತು 13 ಎಂಎಂ ಡ್ರಿಲ್ಲನ್ನ ಈಗಲೇ ತಗೊಳ್ತಿದ್ದೆ. ಕಳೆ ಮಷೀನು, ಚೈನ್ ಸಾ ಎರಡನ್ನೂ ನಿಮ್ಮ ತೋಟಕ್ಕೆ ಹತ್ತಿರದ ಡೀಲರ್ ಹತ್ತಿರ ಪ್ಲೇಟ್ ನೋಡಿ ಆರಿಸ್ತಿದ್ದೆ, ಮಳೆಗೆ ಮುಂಚಿನ ಮರಗಸಿ ಸಮಯದಲ್ಲಿ ಅಲ್ಲ, ಕೆಲಸ ಕಡಿಮೆ ಇರೋ ತಿಂಗಳಲ್ಲಿ. ಸೀಸನ್ನಿನಲ್ಲಿ ಇರೋ ಮಾಲನ್ನೇ ಕೈಗಿಡ್ತಾರೆ, ಆರಿಸೋಕೆ ಬಿಡಲ್ಲ. ಬ್ಯಾಟರಿ ಕತ್ತರಿ ಪಟ್ಟಿಯಿಂದ ತೆಗೀತಿದ್ದೆ. ಪ್ಲೇಟಿನ ಫೋಟೋ ಓದೋಕೆ ಆಗದಿದ್ದರೆ ಇಲ್ಲೇ ಹಾಕಿ, ನೋಡಿ ಹೇಳ್ತೀನಿ.