ಪಾರ್ಕಿನ್ಸನ್ ಮಾತ್ರೆ ಬಿಟ್ಟು ನಸುಗುನ್ನಿ ಪುಡಿ ಕೊಡಬಹುದೇ?

ಪ್ರಶ್ನೆ: ನಮ್ಮ ತಂದೆಗೆ 67 ವರ್ಷ. ಆರು ವರ್ಷದಿಂದ ಪಾರ್ಕಿನ್ಸನ್ ಕಾಯಿಲೆ ಇದೆ. ಲೆವೊಡೋಪಾ, ಕಾರ್ಬಿಡೋಪಾ ಸೇರಿದ ಮಾತ್ರೆ ಕೊಡುತ್ತಿದ್ದೇವೆ. ಮೊದಲೆಲ್ಲ ಬೆಳಗಿನ ಮಾತ್ರೆ ಮಧ್ಯಾಹ್ನದವರೆಗೂ ಸಾಕಾಗುತ್ತಿತ್ತು. ಈಗ ಮೂರು ಗಂಟೆಯೊಳಗೆ ಕೈ ನಡುಗುತ್ತದೆ, ಕಾಲು ಎತ್ತಿಡಲು ಆಗುವುದಿಲ್ಲ. ಮೈ ಮಾತ್ರೆಗೆ ಒಗ್ಗಿಹೋಗಿದೆ, ಅದನ್ನು ಬಿಟ್ಟು ನಸುಗುನ್ನಿ ಬೀಜದ ಪುಡಿ ಕೊಡಿ ಅಂತ ನೆಂಟರೊಬ್ಬರು ಹೇಳುತ್ತಾರೆ. ಕೊಡಬಹುದೇ?
– ಓದುಗರೊಬ್ಬರು, ಸಾಗರ

ಉತ್ತರ: ಮಾತ್ರೆ ಬಿಡಿಸಬೇಡಿ. ದಿಢೀರನೆ ನಿಲ್ಲಿಸುವುದಂತೂ ಬೇಡವೇ ಬೇಡ. ಮೈ ಸೆಟೆದು, ವಿಪರೀತ ಜ್ವರ ಬಂದು ಜೀವಕ್ಕೇ ಅಪಾಯ ಆಗಬಹುದು.

ಹಾಗಂತ ನಿಮ್ಮ ನೆಂಟರದ್ದು ಸುಮ್ನೆ ಮಾತಲ್ಲ. ನಸುಗುನ್ನಿ ಬೀಜದಲ್ಲಿರುವುದೂ ಲೆವೊಡೋಪಾನೇ. ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ 1937ರಲ್ಲೇ ಅದನ್ನು ಬೀಜದಿಂದ ಬೇರ್ಪಡಿಸಿದ್ದರು. ಅದು ಮಿದುಳಿನಲ್ಲಿ ಏನು ಮಾಡುತ್ತದೆ ಅಂತ ಗೊತ್ತಾಗಿದ್ದು ಇಪ್ಪತ್ತು ವರ್ಷದ ಮೇಲೆ. ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ಮೊಲಗಳಿಗೆ ರಿಸರ್ಪಿನ್ ಎಂಬ ಔಷಧ ಕೊಟ್ಟರು. (ಅದೂ ನಮ್ಮ ಸರ್ಪಗಂಧದ ಬೇರಿನದ್ದೇ, ನೋಡಿ.) ಮೊಲಗಳು ಅಲ್ಲಾಡದೆ ಬಿದ್ದುಕೊಂಡವು. ಡೋಪಾ ಚುಚ್ಚಿದ ಮೇಲೆ ಎದ್ದು ಓಡಾಡಿದವು. 1960ರಲ್ಲಿ ವಿಯೆನ್ನಾದ ಸಂಶೋಧಕರು ಪಾರ್ಕಿನ್ಸನ್ ಇದ್ದು ತೀರಿಕೊಂಡವರ ಮಿದುಳು ಪರೀಕ್ಷಿಸಿದಾಗ ಮೈ ಚಲನೆಗೆ ಬೇಕಾದ ಡೋಪಮಿನ್ ಎಂಬ ರಾಸಾಯನಿಕ ತೀರಾ ಕಡಿಮೆ ಇತ್ತು. ಲೆವೊಡೋಪಾ ಮಿದುಳಿಗೆ ಹೋಗಿ ಆಗುವುದು ಇದೇ ಡೋಪಮಿನ್. ಕಾರ್ಲ್‌ಸನ್‌ಗೆ 2000ದಲ್ಲಿ ನೊಬೆಲ್ ಬಂತು.

ಇನ್ನು ಮೂರು ಗಂಟೆಯ ವಿಷಯ. ಇದು ಮೈ ಒಗ್ಗಿಹೋಗಿದ್ದರಿಂದ ಆಗಿದ್ದಲ್ಲ. ಡೋಪಮಿನ್ ತಯಾರಿಸುವ ಜೀವಕೋಶಗಳು ಮಿದುಳಿನ ಬುಡದಲ್ಲಿರುತ್ತವೆ. ಕಾಯಿಲೆ ಅವನ್ನು ಒಂದೊಂದಾಗಿ ಕೊಲ್ಲುತ್ತದೆ. ಉಳಿದ ಕೋಶಗಳು ಲೆವೊಡೋಪಾವನ್ನು ಡೋಪಮಿನ್ ಮಾಡಿ ಕೂಡಿಟ್ಟುಕೊಂಡು, ಬೇಕಾದಷ್ಟೇ ಬಿಡುತ್ತವೆ. ಮನೆ ಮೇಲೆ ಟ್ಯಾಂಕ್ ಇದ್ದರೆ ನಲ್ಲಿ ನಿಂತರೂ ನೀರು ಬರುತ್ತದೆ, ಅಲ್ವಾ? ಕೋಶಗಳು ಕಡಿಮೆಯಾದಂತೆ ಆ ಟ್ಯಾಂಕೇ ಸಣ್ಣದಾಗುತ್ತದೆ. ಆಗ ರಕ್ತದಲ್ಲಿ ಮಾತ್ರೆ ಇರುವಷ್ಟು ಹೊತ್ತು ಮಾತ್ರ ನಡಿಗೆ. ಪುಡಿ ಕೊಟ್ಟರೂ ಇದು ಬದಲಾಗುವುದಿಲ್ಲ.

ಪುಡಿಯ ಇನ್ನೊಂದು ತೊಂದರೆ ಅಳತೆಯದ್ದು. ಬೀಜದಿಂದ ಬೀಜಕ್ಕೆ ಲೆವೊಡೋಪಾ ಪ್ರಮಾಣ ಬೇರೆ. ಜೊತೆಗೆ ಮಾತ್ರೆಯಲ್ಲಿರುವ ಕಾರ್ಬಿಡೋಪಾ ಅದರಲ್ಲಿಲ್ಲ. ಲೆವೊಡೋಪಾ ದಾರಿಯಲ್ಲೇ ಡೋಪಮಿನ್ ಆಗಿಬಿಟ್ಟರೆ ಮಿದುಳಿನೊಳಗೆ ಹೋಗಲಾರದು, ಬರೀ ವಾಕರಿಕೆ ತರುತ್ತದೆ. ಕಾರ್ಬಿಡೋಪಾ ಅದನ್ನು ತಡೆಯುತ್ತದೆ. 2004ರಲ್ಲಿ ಪ್ರಕಟವಾದ ಲಂಡನ್ ಅಧ್ಯಯನದಲ್ಲಿ 30 ಗ್ರಾಂ ನಸುಗುನ್ನಿ ಮಾತ್ರೆಗಿಂತ ಬೇಗ ಕೆಲಸ ಮಾಡಿದ್ದು ನಿಜ. ಆದರೆ ಅದರಲ್ಲಿದ್ದವರು ಎಂಟೇ ರೋಗಿಗಳು. ಅಷ್ಟನ್ನು ನಂಬಿ ಮಾತ್ರೆ ಬಿಡಿಸಲು ನಾನಂತೂ ಹೇಳಲಾರೆ.

ನಾನಾಗಿದ್ದರೆ ಮೊದಲು ಊಟದ ಹೊತ್ತು ನೋಡುತ್ತೇನೆ. ಬೇಳೆ, ಮೊಸರು, ಮೊಟ್ಟೆ, ಮೀನಿನ ಪ್ರೋಟೀನ್ ಕರುಳಿನಲ್ಲೂ ಮಿದುಳಿನ ಬಾಗಿಲಲ್ಲೂ ಲೆವೊಡೋಪಾಗೆ ಅಡ್ಡ ಬರುತ್ತದೆ. ಊಟಕ್ಕೆ ಅರ್ಧ ಗಂಟೆ ಮುಂಚೆ ಮಾತ್ರೆ ಕೊಟ್ಟು ನೋಡಿ. ಹೊಟ್ಟೆ ತೊಳಸಿದರೆ ಜೊತೆಗೆ ಒಂದು ಬಿಸ್ಕತ್ತು ಸಾಕು. ಪ್ರೋಟೀನ್ ಪೂರ್ತಿ ಬಿಡಿಸಬೇಡಿ, ಮೊದಲೇ ತೂಕ ಇಳಿಯುವ ಕಾಯಿಲೆ ಇದು.

ಒಂದು ವಾರ ಮಾತ್ರೆ ಕೊಟ್ಟ ಸಮಯ, ನಡಿಗೆ ಕಟ್ಟಿದ ಸಮಯ, ಊಟದ ಸಮಯ ಬರೆದಿಡಿ. ನರರೋಗ ತಜ್ಞರು ಅದನ್ನು ನೋಡಿ ಡೋಸ್ ಒಡೆದು ಹೆಚ್ಚು ಸಲ ಕೊಡಬಹುದು, ಇಲ್ಲವೇ ಲೆವೊಡೋಪಾ ಹೆಚ್ಚು ಹೊತ್ತು ಉಳಿಯುವಂತೆ ಮಾಡುವ ಎಂಟಾಕಪೋನ್ ಮಾತ್ರೆ ಸೇರಿಸಬಹುದು. ಈಗಾಗಲೇ ಗುಟ್ಟಾಗಿ ಪುಡಿ ಕೊಡುತ್ತಿದ್ದರೆ ಅದನ್ನೂ ಹೇಳಿಬಿಡಿ. ಮಾತ್ರೆಯ ಮೇಲೆ ಪುಡಿಯೂ ಸೇರಿದರೆ ಡೋಸ್ ಜಾಸ್ತಿಯಾಗಿ ಕೈಕಾಲು ತಾನಾಗಿ ಕುಣಿಯಲು ಶುರುವಾಗಬಹುದು.