ಮರುವಾಯಿ (ಕಪ್ಪೆಚಿಪ್ಪಿನ ಜೀವಿ) ಚಿಪ್ಪು ಸುಟ್ಟು ಸುಣ್ಣ ಮಾಡುವ ಕ್ರಿಯೆಯನ್ನು ಸಮೀಕರಣವಾಗಿ ಬರೆಯುವುದು ಹೇಗೆ? ಯಾವ ಬಾಣ ಹಾಕಬೇಕು?

ಮೊದಲು ಪದಗಳಲ್ಲೇ ಬರೆಯಿರಿ. ಮಂಗಳೂರು, ಉಡುಪಿ ಕಡೆಯ ಮರುವಾಯಿ ಚಿಪ್ಪು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್:

ಕ್ಯಾಲ್ಸಿಯಂ ಕಾರ್ಬೊನೇಟ್ (ಘನ) → ಕ್ಯಾಲ್ಸಿಯಂ ಆಕ್ಸೈಡ್ (ಘನ) + ಕಾರ್ಬನ್ ಡೈಆಕ್ಸೈಡ್ (ಅನಿಲ)

ಪ್ರತಿವರ್ತಕ (ಕ್ರಿಯೆಗೆ ಒಳಗಾಗುವ ವಸ್ತು) ಎಡಕ್ಕೆ, ಉತ್ಪನ್ನ ಬಲಕ್ಕೆ. ಕಾಯಿಸಬೇಕಾದ ಕ್ರಿಯೆಯಾದ್ದರಿಂದ ಬಾಣದ ಮೇಲೆ Δ. ಭೌತ ಸ್ಥಿತಿಯನ್ನು ಬಿಡಲೇಬೇಡಿ. ತೂಕವೂ ತಾಳೆಯಾಗಬೇಕು: 100 ಗ್ರಾಂ ಶುದ್ಧ ಕಾರ್ಬೊನೇಟಿನಿಂದ 56 ಗ್ರಾಂ ಸುಟ್ಟ ಸುಣ್ಣ (ಕ್ಯಾಲ್ಸಿಯಂ ಆಕ್ಸೈಡ್), 44 ಗ್ರಾಂ ಅನಿಲ.

ಬಾಣದ ಆಯ್ಕೆ ಮುಖ್ಯ. ತೆರೆದ ಗೂಡಿನಲ್ಲಿ ಅನಿಲ ಹೊರಗೆ ಹೋಗುತ್ತದೆ, ಹಾಗಾಗಿ →. ಅದೇ ಕ್ರಿಯೆ ಮುಚ್ಚಿದ ಪಾತ್ರೆಯಲ್ಲಾದರೆ ಅನಿಲ ಸುಣ್ಣದೊಂದಿಗೆ ಮತ್ತೆ ಸೇರಬಲ್ಲದು. ಆಗ ಎರಡೂ ದಿಕ್ಕಿನ ಬಾಣ ⇌ ಬರೆಯಬೇಕು. ↔ ಇದಕ್ಕೆ ಸಲ್ಲದು, ಅದು ಅನುರಣನ ರಚನೆಗಳಿಗೆ (ಒಂದೇ ಅಣುವನ್ನು ಬೇರೆ ಬೇರೆ ಬಗೆಯಲ್ಲಿ ಬರೆದ ಚಿತ್ರಗಳಿಗೆ) ಮೀಸಲು.

ಹೆಚ್ಚಿನವರು ಎಡವುವುದು ಸರಿದೂಗಿಸುವಾಗ, ಅಂದರೆ ಎರಡೂ ಬದಿಯ ಪರಮಾಣುಗಳ ಸಂಖ್ಯೆ ಸಮ ಮಾಡುವಾಗ. ನೀರು ಉಂಟಾಗುವ ಕ್ರಿಯೆ ನೋಡಿ (ಎಚ್ ಎಂದರೆ ಹೈಡ್ರೋಜನ್, ಒ ಎಂದರೆ ಆಕ್ಸಿಜನ್):

2ಎಚ್₂ + ಒ₂ → 2ಎಚ್₂ಒ

ಇಲ್ಲಿ ಬದಲಿಸಬಹುದಾದ್ದು ಸೂತ್ರದ ಮುಂದಿನ ಅಂಕಿ ಮಾತ್ರ. ಕೆಳಗಿನ ಪುಟ್ಟ ಅಂಕಿ ಮುಟ್ಟಿ ಎಚ್₂ಒ₂ ಮಾಡಿದರೆ ಲೆಕ್ಕವೇನೋ ಸರಿಹೋಗುತ್ತದೆ, ಆದರೆ ಬಂದದ್ದು ನೀರಲ್ಲ, ಹೈಡ್ರೋಜನ್ ಪೆರಾಕ್ಸೈಡ್. ಆಕ್ಸಿಜನ್ನನ್ನು ಒಂಟಿ ಪರಮಾಣುವಾಗಿ ಬರೆಯುವುದೂ ತಪ್ಪು, ಅದು ಗಾಳಿಯಲ್ಲಿರುವುದು ಜೋಡಿಯಾಗಿಯೇ.